ಮರೆಗುಳಿ ಕಾಯಿಲೆಯ ಆರೈಕೆ: ಮನೆಯ ಸರಳ ಸಾಧನಗಳಿಂದ ಆರೈಕೆದಾರರ ಒತ್ತಡ ಇಳಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು ಹಾಗೂ ಸ್ವಸಹಾಯ ಸಂಘಗಳ ಅಧ್ಯಯನಕ್ಕಾಗಿ)

1. ಹಿನ್ನೆಲೆ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ಗ್ರಾಮಗಳಲ್ಲಿ ಬಹಳ ಹಳೆಯದು. ಆ ಮಾತಿನ ಮರೆಯಲ್ಲಿ ಒಂದು ಕಾಯಿಲೆ ಗುರುತಿಸಲ್ಪಡದೆ ಉಳಿದುಬಿಡುತ್ತದೆ. ಡಿಮೆನ್ಷಿಯಾ ಎನ್ನಲಾಗುವ ಮರೆಗುಳಿ ಕಾಯಿಲೆಯು ಮುಪ್ಪಿನ ಸಹಜ ಲಕ್ಷಣವಲ್ಲ; ಅದು ಮೆದುಳಿಗೆ ತಗಲುವ ಕಾಯಿಲೆಗಳಿಂದ ಉಂಟಾಗುವ ಸ್ಥಿತಿ. ಅವುಗಳಲ್ಲಿ ಆಲ್‌ಝೈಮರ್ ಕಾಯಿಲೆ ಅತಿ ಸಾಮಾನ್ಯವಾದುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಈ ಸ್ಥಿತಿಯಲ್ಲಿದ್ದಾರೆ. ಇವರಲ್ಲಿ ಬಹುತೇಕರ ಆರೈಕೆ ಮನೆಯಲ್ಲಿಯೇ ನಡೆಯುತ್ತದೆ. ಆ ಹೊಣೆ ಹೆಚ್ಚಾಗಿ ಪತ್ನಿ, ಸೊಸೆ ಅಥವಾ ಮಗಳ ಮೇಲೆ ಬೀಳುತ್ತದೆ.

2. ಒತ್ತಡದ ಮೂಲ

ಒಂದು ಕೃಷಿಕ ಕುಟುಂಬವನ್ನು ಉದಾಹರಣೆಯಾಗಿ ನೋಡಬಹುದು. ಅತ್ತೆಗೆ ಮರೆಗುಳಿ ಕಾಯಿಲೆ. ಹಗಲಿನಲ್ಲಿ ಶಾಂತವಾಗಿರುವ ಅವರಿಗೆ ಹೊತ್ತು ಇಳಿದಂತೆ ಗೊಂದಲ ಹೆಚ್ಚುತ್ತದೆ. ಬಾಲ್ಯದ ತವರಿಗೆ ಹೋಗಬೇಕೆಂದು ಹಟ ಹಿಡಿಯುತ್ತಾರೆ. ನಡುರಾತ್ರಿ ಎದ್ದು ಚಿಲಕ ತೆಗೆಯುತ್ತಾರೆ. ಅತ್ತೆ ದಾಟುವಾಗ ಎಚ್ಚರವಾಗಲೆಂದು ಸೊಸೆ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗುತ್ತಾಳೆ. ಬೆಳಗಿನ ಐದಕ್ಕೆ ಹಾಲು ಕರೆಯಬೇಕು, ಅನಂತರ ಹೊಲಕ್ಕೆ ಹೋಗಬೇಕು.

ಆಕೆಯನ್ನು ಬಳಲಿಸುವುದು ಕೆಲಸಕ್ಕಿಂತ ಹೆಚ್ಚಾಗಿ ಬಿಡುವಿಲ್ಲದ ಎಚ್ಚರ. ಆದುದರಿಂದ ಸಾಧನಗಳಿಂದ ನಿರೀಕ್ಷಿಸಬೇಕಾದುದು ಒಂದೇ: ಅವು ಆರೈಕೆಯನ್ನು ತಾವೇ ಮಾಡಲಾರವು, ಆದರೆ ಕಾವಲಿನ ಭಾರವನ್ನು ಹಂಚಿಕೊಳ್ಳಬಲ್ಲವು.

3. ಮೊದಲು ದಾಖಲೆ, ಅನಂತರ ಖರೀದಿ

ಯಾವುದೇ ಸಾಧನ ಕೊಳ್ಳುವ ಮುನ್ನ ವೈದ್ಯರ ತಪಾಸಣೆ ಅಗತ್ಯ. ಥೈರಾಯ್ಡ್ ಕೊರತೆ, ವಿಟಮಿನ್ ಬಿ12 ಕೊರತೆ ಮುಂತಾದ ಚಿಕಿತ್ಸೆಗೆ ಒಗ್ಗುವ ಕಾರಣಗಳಿಂದಲೂ ಮರೆವು ಉಂಟಾಗಬಹುದು.

ಅನಂತರ ಒಂದು ವಾರ ನೋಟ್‌ಬುಕ್‌ನಲ್ಲಿ ಮೂರು ಅಂಶಗಳನ್ನು ಬರೆದಿಡಬೇಕು: ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಯಾರು ಎದ್ದು ಹೋದರು. ಪದೇ ಪದೇ ಕಾಣುವ ಒಂದು ತೊಂದರೆಗೆ ಮಾತ್ರ ಮೊದಲು ಪರಿಹಾರ ಹುಡುಕಬೇಕು. ಹಲವು ಸಾಧನಗಳನ್ನು ಒಮ್ಮೆಲೇ ತಂದರೆ ಅವುಗಳನ್ನು ನೋಡಿಕೊಳ್ಳುವುದೇ ಮತ್ತೊಂದು ಹೊರೆಯಾಗುತ್ತದೆ.

4. ಉಪಯುಕ್ತ ಸಾಧನಗಳು

ಅ) ಬಾಗಿಲಿನ ಗಂಟೆ: ಅಯಸ್ಕಾಂತವಿರುವ ಭಾಗವನ್ನು ಬಾಗಿಲಿಗೂ, ಸ್ವಿಚ್ ಇರುವ ಭಾಗವನ್ನು ಚೌಕಟ್ಟಿಗೂ ಅಂಟಿಸಲಾಗುತ್ತದೆ. ಬಾಗಿಲು ತೆರೆದು ಎರಡೂ ದೂರವಾದೊಡನೆ ಗಂಟೆ ಮೊಳಗುತ್ತದೆ. ಬ್ಯಾಟರಿಯಿಂದ ನಡೆಯುವ ಸರಳ ಮಾದರಿಗಳಿಗೆ ಇಂಟರ್ನೆಟ್ ಬೇಕಿಲ್ಲ. ಗಂಟೆಯ ಪೆಟ್ಟಿಗೆ ಪ್ರತ್ಯೇಕವಾಗಿರುವ ವೈರ್‌ಲೆಸ್ ಮಾದರಿ ಮೇಲು. ಸದ್ದು ಕೇಳಬೇಕಾದುದು ಆರೈಕೆದಾರರಿಗೆ. ಬಾಗಿಲಲ್ಲೇ ಮೊಳಗಿದರೆ ಹಿರಿಯರು ಬೆಚ್ಚಿಬೀಳುತ್ತಾರೆ.

ಆ) ಚಲನೆಗೆ ಹೊತ್ತಿಕೊಳ್ಳುವ ದೀಪ: ಚಲಿಸುವ ದೇಹದ ಶಾಖವನ್ನು ಗ್ರಹಿಸಿ ಇದು ಉರಿಯುತ್ತದೆ. ಮಂಚದಿಂದ ಶೌಚಾಲಯದವರೆಗಿನ ದಾರಿಯಲ್ಲಿ, ಮೊಣಕಾಲೆತ್ತರದಲ್ಲಿ ಇದ್ದರೆ ಕಣ್ಣು ಕೋರೈಸದು; ಎಡವಿ ಬೀಳುವ ಅಪಾಯವೂ ತಗ್ಗುತ್ತದೆ.

ಇ) ಅಡುಗೆಮನೆ: ಬಳಕೆಯಾದೊಡನೆ ರೆಗ್ಯುಲೇಟರ್ ಬಂದ್ ಮಾಡುವುದೇ ಮೊದಲ ರಕ್ಷಣೆ. ಅನಿಲ ಸೋರಿಕೆ ಎಚ್ಚರಿಸುವ ಸಾಧನವನ್ನು ಅಳವಡಿಸುವುದಾದರೆ ನೆಲದ ಸಮೀಪದಲ್ಲಿ ಅಳವಡಿಸಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ಕೆಳಗೆ ಹರಡುತ್ತದೆ. ಚಾವಣಿಗೆ ಹಾಕಿದ ಸಾಧನ ಸಕಾಲಕ್ಕೆ ಎಚ್ಚರಿಸದು.

ಈ) ಗಡಿಯಾರ ಮತ್ತು ಔಷಧಿ: ವಾರ, ದಿನಾಂಕ, ಸಮಯಗಳನ್ನು ದಪ್ಪ ಅಕ್ಷರಗಳಲ್ಲಿ ತೋರಿಸುವ ಗಡಿಯಾರವು ‘ಇವತ್ತು ಯಾವ ವಾರ?’ ಎಂಬ ಪುನರಾವರ್ತಿತ ಪ್ರಶ್ನೆಗೆ ಉತ್ತರವಾಗಬಲ್ಲದು. ಔಷಧಿಯ ಹೊತ್ತನ್ನು ಆರೈಕೆದಾರರ ಮೊಬೈಲ್‌ನಲ್ಲಿ ಅಲಾರಂ ಮೂಲಕ ನೆನಪಿಸಿಕೊಳ್ಳಬಹುದು. ಮಾತ್ರೆ ಕೊಡುವ ಕೈ ಮಾತ್ರ ಮನುಷ್ಯರದ್ದೇ ಆಗಿರಬೇಕು.

ಉ) ದಾರಿ ತಪ್ಪಿದಾಗ: ಜಿಪಿಎಸ್ ಸಾಧನವು ಸ್ಥಳ ತಿಳಿಸಲು ಮೊಬೈಲ್ ನೆಟ್‌ವರ್ಕ್, ಚಾರ್ಜ್ ಹಾಗೂ ರೀಚಾರ್ಜ್ ಮೂರೂ ಬೇಕು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ. ಅಂಗಿಯ ಅಥವಾ ರವಿಕೆಯ ಒಳಭಾಗದಲ್ಲಿ ಮನೆಯವರ ದೂರವಾಣಿ ಸಂಖ್ಯೆಯನ್ನು ಹೊಲಿದಿಡುವುದು ಎಲ್ಲೆಡೆ ಉಪಯುಕ್ತ.

5. ಮಿತಿಗಳು

ಗಂಟೆ ಮೊಳಗಿದರೆ ಸಾಲದು, ಯಾರಾದರೂ ಏಳಬೇಕು. ಪ್ರತಿ ಸಲವೂ ಅದೇ ಸೊಸೆ ಏಳುವುದಾದರೆ ಒತ್ತಡ ಇಳಿದಂತಾಗಲಿಲ್ಲ. ಗಂಟೆಯ ಪೆಟ್ಟಿಗೆ ಯಾವ ರಾತ್ರಿ ಯಾರ ತಲೆದೆಸೆಯಲ್ಲಿರಬೇಕು ಎಂಬುದನ್ನು ಮನೆಯವರು ಸರದಿಯಂತೆ ಗೊತ್ತುಪಡಿಸಬೇಕು. ವಿದ್ಯುತ್ ಕಡಿತವನ್ನು ಗಮನದಲ್ಲಿಟ್ಟು ಬ್ಯಾಟರಿ ಚಾಲಿತ ಸಾಧನಗಳನ್ನು ಆರಿಸಿ, ಪ್ರತಿ ತಿಂಗಳ ಮೊದಲ ದಿನ ಪರೀಕ್ಷಿಸುವುದು ಸೂಕ್ತ.

6. ಹಿರಿಯರ ಘನತೆ

ಹಿರಿಯರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವುದು ಪರಿಹಾರವಲ್ಲ. ಬೆಂಕಿ ಹೊತ್ತಿಕೊಂಡರೆ ಅದೇ ಮೃತ್ಯುವಾಗುತ್ತದೆ. ಸ್ನಾನಗೃಹದಲ್ಲಿ ಕ್ಯಾಮೆರಾ ಸಲ್ಲದು. ಬಾಗಿಲಿನ ಗಂಟೆಯಿಂದ ಕೆಲಸ ಸಾಗುವಲ್ಲಿ ಕ್ಯಾಮೆರಾ ಅನಗತ್ಯ. ಕಾಯಿಲೆಯ ಆರಂಭದ ಹಂತದಲ್ಲಿ ಹಿರಿಯರಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆಯಬೇಕು. ನೆನಪು ಮಾಸಿದವರಿಗೂ ಅವಮಾನ ತಿಳಿಯುತ್ತದೆ.

7. ಪಂಚಾಯಿತಿ ಮಟ್ಟದಲ್ಲಿ

ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಮರೆಗುಳಿ ಕಾಯಿಲೆಯನ್ನೂ ಒಳಗೊಂಡಿದೆ. ಆರೈಕೆದಾರರು ಮನಸ್ಸಿನ ಭಾರ ಹೇಳಿಕೊಳ್ಳಲು ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ ಸಂಖ್ಯೆ 14567. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಈ ಸಂಖ್ಯೆಗಳನ್ನು ಪ್ರದರ್ಶಿಸಬಹುದು; ಬಾಗಿಲಿನ ಗಂಟೆಯ ಮಾದರಿಯೊಂದನ್ನು ಇಟ್ಟು ತೋರಿಸಬಹುದು. ವಾರಕ್ಕೊಮ್ಮೆ ಎರಡು ತಾಸು ನೆರೆಯವರೊಬ್ಬರು ಹಿರಿಯರ ಜೊತೆ ಕೂರುವ ವ್ಯವಸ್ಥೆಯನ್ನು ಸ್ವಸಹಾಯ ಸಂಘಗಳು ಚರ್ಚಿಸಬಹುದು.

ಮೇಲಿನ ಉದಾಹರಣೆಯ ಮನೆಯಲ್ಲಿ ಸೊಸೆಯ ಚಾಪೆ ಬಾಗಿಲ ಅಡ್ಡದಿಂದ ಒಳಕೋಣೆಗೆ ಹೋಗಬೇಕು. ವಾರದಲ್ಲಿ ಕೆಲವು ರಾತ್ರಿಗಳಾದರೂ ಗಂಟೆಗೆ ಏಳುವವರು ಮಗನೋ ಮೊಮ್ಮಗನೋ ಆಗಿರಬೇಕು. ಕೊಂಡ ಸಾಧನ ಸಾರ್ಥಕವಾಯಿತೇ ಎಂಬುದನ್ನು ಅಳೆಯಬೇಕಾದುದು ಆಕೆಯ ನಿದ್ರೆಯಿಂದ.

ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ವಾರ್ಡಿನಲ್ಲಿ ‘ಅರಳುಮರಳು’ ಎಂದು ಸುಮ್ಮನೆ ಬಿಟ್ಟ ಹಿರಿಯರಿದ್ದಾರೆಯೇ? ಅವರ ತಪಾಸಣೆ ನಡೆದಿದೆಯೇ?
2) ಅವರ ಮನೆಯಲ್ಲಿ ರಾತ್ರಿ ಏಳುವವರು ಯಾರು?
3) ಆ ವ್ಯಕ್ತಿಗೆ ಒಂದು ಪೂರ್ಣ ರಾತ್ರಿಯ ನಿದ್ರೆ ದೊರಕಿಸಲು ಈ ವಾರವೇ ಏನು ಮಾಡಬಹುದು?