ಬೆನ್ನಿಗೆ ಸಿಮೆಂಟ್ ಹಾಕಿಸಿದ್ದಾಯಿತು, ಆಮೇಲೆ?

ಆಸ್ಟಿಯೊಪೊರೋಸಿಸ್‌ನಿಂದ ಕುಸಿದ ಬೆನ್ನುಮೂಳೆಗೆ ಸೂಜಿಯಲ್ಲಿ ಸಿಮೆಂಟ್ ತುಂಬಿಸುವುದು ವರ್ಟಿಬ್ರೊಪ್ಲಾಸ್ಟಿ. ಬಲೂನ್ ಉಬ್ಬಿಸಿ ಜಾಗ ಮಾಡಿಕೊಂಡು ತುಂಬಿಸಿದರೆ ಕೈಫೊಪ್ಲಾಸ್ಟಿ. ಅನೇಕರಿಗೆ ನೋವು ಬೇಗ ಇಳಿಯುತ್ತದೆ. ಎಡವಟ್ಟು ಶುರುವಾಗುವುದೂ ಅಲ್ಲೇ. ಅಮ್ಮ ಮತ್ತೆ ಮೋಟು ಪೊರಕೆ ಹಿಡಿದು ಅಂಗಳಕ್ಕಿಳಿಯುತ್ತಾರೆ. ಗಟ್ಟಿಯಾಗಿದ್ದು ಒಂದೇ ಮೂಳೆ, ಮಿಕ್ಕವು ಟೊಳ್ಳಾಗಿಯೇ ಇವೆ. ಮುಟ್ಟು ನಿಂತ ಮೇಲೆ ಬೆನ್ನುಮೂಳೆ ಮುರಿದುಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಮುರಿಯುತ್ತದೆ.

1. ಡಿಸ್ಚಾರ್ಜ್ ಚೀಟಿ ಓದಿ. ನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಕ್ಯಾಲ್ಸಿಯಂ ಇಷ್ಟೇ ಇದ್ದರೆ ಮೂಳೆ ಗಟ್ಟಿಮಾಡುವ ಔಷಧ ಬರೆದಿಲ್ಲ ಎಂದರ್ಥ. ಆಸ್ಪತ್ರೆ ಬಿಡುವ ಮೊದಲೇ ಕೇಳಿ.

2. ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ ಹೋದಾಗ ಸಿಮೆಂಟ್ ಹಾಕಿಸಿದ್ದನ್ನು ಟೆಕ್ನಿಷಿಯನ್‌ಗೆ ಹೇಳಿ. ಆ ಮೂಳೆಯನ್ನು ಲೆಕ್ಕದಿಂದ ಬಿಡದಿದ್ದರೆ ಅಂಕ ಸುಳ್ಳೇ ಏರುತ್ತದೆ. ಆ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5ಕ್ಕೆ ಇಳಿದಿಲ್ಲ ಎಂದು ಸುಮ್ಮನಾಗಬೇಡಿ. ಬಕೆಟ್ ಎತ್ತಿದ್ದಕ್ಕೇ ಮೂಳೆ ಮುರಿದಿದೆಯೆಂದರೆ ಇನ್ನೇನು ಪುರಾವೆ ಬೇಕು?

3. ಔಷಧ ಯಾವುದೆಂದು ವೈದ್ಯರು ಹೇಳಲಿ. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ 70 ಮಿ.ಗ್ರಾಂ. ಆದರೆ ಖಾಲಿ ಹೊಟ್ಟೆಯಲ್ಲಿ, ಲೋಟ ತುಂಬ ಬರೀ ನೀರಿನೊಂದಿಗೆ. ಕಾಫಿ ಅರ್ಧ ಗಂಟೆ ಕಾಯಲಿ, ಅಷ್ಟು ಹೊತ್ತು ಮಲಗಲೂ ಬಾರದು. ವರ್ಷಕ್ಕೊಮ್ಮೆ ಡ್ರಿಪ್ ಕೊಡುವ ಝೋಲೆಡ್ರೊನಿಕ್ ಆಸಿಡ್ ಕೂಡ ಇದೆ.

4. ಆರು ತಿಂಗಳಿಗೊಮ್ಮೆಯ ಡೆನೊಸುಮಾಬ್ ಇಂಜೆಕ್ಷನ್ ಆದರೆ ಇನ್ನೂ ಎಚ್ಚರ. ನಾನು ಪದೇಪದೇ ಕಾಣುವ ತಪ್ಪು ಇದೇ. 'ಹಬ್ಬ ಮುಗಿಯಲಿ', 'ಮಗ ಊರಿಗೆ ಬರಲಿ' ಎಂದು ಮುಂದಕ್ಕೆ ಹಾಕುತ್ತಾರೆ. ಈ ಔಷಧದ ಬಲ ದೇಹದಲ್ಲಿ ಉಳಿಯುವುದಿಲ್ಲ; ಗಡುವು ಮೀರಿದರೆ ತಡೆದಿಟ್ಟ ಸವೆತ ಒಮ್ಮೆಲೇ ನುಗ್ಗಿ, ಒಂದಲ್ಲ, ಹಲವು ಬೆನ್ನುಮೂಳೆಗಳು ಮುರಿಯಬಹುದು. ಚುಚ್ಚಿಸಿದ ದಿನವೇ ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ನಿಲ್ಲಿಸುವುದೇ ಆದರೆ ಬದಲಿ ಔಷಧವಿಲ್ಲದೆ ನಿಲ್ಲಿಸಬೇಡಿ. ದುಬಾರಿ ಎನಿಸಿದರೆ ಶುರು ಮಾಡುವ ಮುನ್ನವೇ ಹೇಳಿಬಿಡಿ, ಸಂಕೋಚ ಬೇಡ.

5. ಮುಂದಕ್ಕೆ ಬಾಗುವುದು ಬಿಡಿ. ಪಾದಹಸ್ತಾಸನ, ಪಶ್ಚಿಮೋತ್ತಾನಾಸನ, ಸೂರ್ಯನಮಸ್ಕಾರ ಬೇಡ. ಉದ್ದ ಹಿಡಿಯ ಪೊರಕೆ ತನ್ನಿ, ರಂಗೋಲಿ ಸೊಸೆಯೋ ಮಗನೋ ಹಾಕಲಿ. ನಡಿಗೆ ಇರಲಿ.

6. ಬಚ್ಚಲಿಗೆ ಹಿಡಿಕೆ, ರಾತ್ರಿ ದೀಪ. ಹೊಸ ನೋವು ಬಂದರೆ ಎಕ್ಸ್‌ರೇ. ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ.