ಗೇಣಿಯ ಗದ್ದೆ, ಒಕ್ಕಲಿನ ಬಾಳು

1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಂದಿನ ಹಳ್ಳಿಗಳಲ್ಲಿ ಉಳುವವನ ನೆಮ್ಮದಿಯು ಗೇಣಿಯ ಬಗೆಯನ್ನು ಅವಲಂಬಿಸಿತ್ತು. ಮೂಲಗೇಣಿಯ ಒಕ್ಕಲು ಗೊತ್ತಾದ ಗೇಣಿಯನ್ನು ಸಲ್ಲಿಸುತ್ತಿರುವವರೆಗೆ ಭೂಮಿಯು ವಂಶಪಾರಂಪರ್ಯವಾಗಿ ಅವನಲ್ಲಿ ಉಳಿಯುತ್ತಿತ್ತು. ಚಾಲಗೇಣಿಯ ಒಕ್ಕಲಿಗೆ ಈ ಭದ್ರತೆಯಿರಲಿಲ್ಲ. ಧಣಿಯು ಗೇಣಿಯನ್ನು ಏರಿಸಬಹುದಿತ್ತು, ಒಕ್ಕಲೆಬ್ಬಿಸಲೂಬಹುದಿತ್ತು. ಗದ್ದೆಯೊಡನೆ ಮನೆಯೂ ಕೈತಪ್ಪುವ ಭಯವಿದ್ದವನಿಗೆ ತಾನು ನೆಟ್ಟ ತೆಂಗಿನ ಫಲವನ್ನು ತಾನೇ ಉಣ್ಣುವ ಭರವಸೆಯಿರಲಿಲ್ಲ. 1941ರ ಕಯ್ಯೂರಿನ ರೈತ ಹೋರಾಟದ ಹಿಂದೆ ಜಮೀನ್ದಾರಿಯ ಇಂತಹ ದಬ್ಬಾಳಿಕೆಯಿತ್ತು. 1943ರ ಮಾರ್ಚ್ 29ರಂದು ಅಲ್ಲಿನ ನಾಲ್ವರನ್ನು ಗಲ್ಲಿಗೇರಿಸಲಾಯಿತು.

ತಿದ್ದುಪಡಿಗೊಂಡ ಕೇರಳ ಭೂಸುಧಾರಣಾ ಕಾಯ್ದೆಯು 1970ರ ಜನವರಿ 1ರಂದು ಜಾರಿಗೆ ಬಂದು ಗೇಣಿಪದ್ಧತಿಯನ್ನು ಕೊನೆಗೊಳಿಸಿತು. ಒಕ್ಕಲಿಗೆ ಒಡೆತನ ಪಡೆಯುವ ಹಕ್ಕು ದೊರೆಯಿತು. ಪರರ ನೆಲದಲ್ಲಿ ಗುಡಿಸಲು ಕಟ್ಟಿ ವಾಸಿಸುತ್ತಿದ್ದ ಬಡವನಿಗೆ, ಅಂದರೆ ಕುಡಿಕಿಡಪ್ಪುಕಾರನಿಗೆ, ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ಜಾಗವನ್ನು ಕೊಳ್ಳುವ ಅವಕಾಶವಾಯಿತು.

ಅಧ್ಯಾಪಕರು ಪಾಠಕ್ಕೆ ಮೊದಲು ಗೇಣಿ, ಒಕ್ಕಲು, ಧಣಿ, ಮುಡಿ ಎಂಬ ಪದಗಳ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಬರುವಂತೆ ಮಕ್ಕಳಿಗೆ ಸೂಚಿಸಬೇಕು. ಒಂದೇ ತರಗತಿಯಲ್ಲಿ ಧಣಿಯ ಮನೆಯ ಮಕ್ಕಳೂ ಒಕ್ಕಲಿನ ಮನೆಯ ಮಕ್ಕಳೂ ಇರಬಹುದು. ಯಾರ ಮನೆತನವನ್ನೂ ಹೆಸರಿಸದೆ ಚರ್ಚೆಯನ್ನು ನಡೆಸುವುದು ಯುಕ್ತ. ಕೊನೆಯಲ್ಲಿ ಈ ಪ್ರಶ್ನೆಯನ್ನು ಕೇಳಬಹುದು: ಭೂಮಿಯ ಹಕ್ಕುಪತ್ರವೊಂದು ಒಂದು ಕುಟುಂಬದ ಬಾಳನ್ನು ಹೇಗೆ ಕಾಯುತ್ತದೆ?