ಮೊದಲು ಕಣ್ಣು ಶಾರ್ಪ್ ಆಗಲಿ

ಪ್ರಶ್ನೆ: 50 ಎಂಎಂ ಲೆನ್ಸ್‌ನಲ್ಲಿ ಅಜ್ಜಿಯ ಚಿತ್ರ ತೆಗೆಯುತ್ತಾ ಪೋರ್ಟ್ರೇಟ್ ಕಲಿಯುತ್ತಿದ್ದೇನೆ. ಎಲ್ಲರೂ ‘ಸೂಪರ್’ ಅನ್ನುತ್ತಾರೆ, ನನಗೆ ಸಮಾಧಾನವಿಲ್ಲ. ಏನು ತಿದ್ದಿಕೊಳ್ಳಲಿ?
— ಓದುಗ, ಹಾಸನ

ಉತ್ತರ: ನೀವು ಕಳಿಸಿದ ಚಿತ್ರದಲ್ಲಿ ಅಜ್ಜಿಯ ಮೂಗುತಿ ಫಳಫಳ ಹೊಳೆಯುತ್ತಿದೆ, ಕಣ್ಣು ಮಾತ್ರ ಮಸುಕು. ಎಫ್/1.8ರಲ್ಲಿ ಅಷ್ಟು ಹತ್ತಿರ ಹೋದರೆ ಫೋಕಸ್ ಸಿಗುವುದು ಒಂದೆರಡು ಸೆಂಟಿಮೀಟರ್ ಆಳಕ್ಕಷ್ಟೇ. ಎಫ್/4ಕ್ಕೆ ಬನ್ನಿ. ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿಗೆ ಫೋಕಸ್ ಇಡಿ. ಶಟರ್ 1/200ಕ್ಕಿಂತ ಇಳಿಯದಿರಲಿ. ಐಎಸ್‌ಒ ಏರಿದರೆ ಏರಲಿ. ಕಿಟಕಿ ಪಕ್ಕ ಕೂರಿಸಿ, ಟ್ಯೂಬ್‌ಲೈಟ್ ಆರಿಸಿ.

ಮನೆಯವರನ್ನು ‘ಹೇಗಿದೆ?’ ಎಂದು ಕೇಳಬೇಡಿ, ಪ್ರೀತಿಯಿಂದ ಹೊಗಳಿಬಿಡುತ್ತಾರೆ. ‘ಮೊದಲು ಏನು ಕಾಣಿಸಿತು?’ ಎಂದು ಕೇಳಿ. ‘ಅಜ್ಜಿಯ ಹಿಂದಿರುವ ಕ್ಯಾಲೆಂಡರ್’ ಎಂದು ಹೇಳಿದರೆ, ಮುಂದಿನ ಸಲ ಅದೊಂದನ್ನೇ ಸರಿಪಡಿಸಿ. ತಿಳಿದವರ ವಿಮರ್ಶೆ ಬೇಕಿದ್ದರೆ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕ್ಲಬ್‌ನವರನ್ನು ಸಂಪರ್ಕಿಸಿ. ಎಫ್/4ರಲ್ಲೂ ಕಣ್ಣು ಮಸುಕಾದರೆ, ಲೆನ್ಸನ್ನು ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿ.